ನೂಲು ಕತ್ತರಿಸಿದ ಹಸನಾಕ

ಗಾಳಕ್ಕೆ ಮೀನು ಬಿದ್ದ ಕೂಡಲೇ ಬೋಟಿನಲ್ಲಿದ್ದವರೆಲ್ಲ ಒಂದೇ ಬದಿಗೆ ಓಡಿ ಬಗ್ಗುತ್ತಾರೆ. ಆಗ ಮೀನಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದವರು ನಮ್ಮ ಹಸನಾಕ ಒಬ್ಬರೇ. ಒಂದು ಕೈ ಸ್ಟೇರಿಂಗಿನ ಮೇಲೆ, ಕಣ್ಣು ದೂರದ ಆಕಾಶದ ಅಂಚಿನಲ್ಲಿ. ಹೊಸ ಗಿರಾಕಿಗಳಿಗೆ ಇದು ಅವಮಾನದ ಹಾಗೆ ಕಾಣುತ್ತಿತ್ತು. ನಾನೂ ಒಮ್ಮೆ ಕೇಳಿಯೇಬಿಟ್ಟೆ.

"ಮೀನು ಎಲ್ಲಿಗೆ ಹೋಗ್ತದೆ ತಂಗಿ? ಗಾಳ ಅದರ ಬಾಯಲ್ಲೇ ಉಂಟಲ್ಲ. ಗಾಳಿ ಹಾಗಲ್ಲ, ಅದು ಯಾರ ಕೈಯಲ್ಲೂ ಇಲ್ಲ" ಎಂದರು.

ಅಬುಧಾಬಿಯ ಅಲ್ ಮೀನಾ ಬಂದರಿನಿಂದ ಜನರನ್ನು ಮೀನು ಹಿಡಿಯಲು ಕರೆದೊಯ್ಯುವ ಬೋಟಿಗೆ ಅವರು ಕ್ಯಾಪ್ಟನ್. ನಾನು ಅದೇ ಬೋಟಿನಲ್ಲಿ ಗಿರಾಕಿಗಳಿಗೆ ಲೈಫ್ ಜಾಕೆಟ್ ತೊಡಿಸುವವಳು, ಗಾಳಕ್ಕೆ ಬೂತಾಯಿ ಮೀನಿನ ತುಂಡು ಸಿಕ್ಕಿಸಿ ಕೊಡುವವಳು, ಫೋಟೋ ತೆಗೆಯುವವಳು, ವಾಂತಿ ಮಾಡಿದವರಿಗೆ ನೀರು ಕೊಡುವವಳು. ಅವರು ಉಳ್ಳಾಲದ ಬ್ಯಾರಿ, ನಾನು ಮಲ್ಪೆಯವಳು. ಅವರ ಹೆಸರು ಹಸನ್. ಹಿರಿಯರಿಗೆ ಹಚ್ಚುವ 'ಕಾಕ' ಸೇರಿ ಹಸನಾಕ ಆಗಿತ್ತು. ಕುಳ್ಳಗಿನ ಗಟ್ಟಿ ಆಳು. ಕಂಪೆನಿ ಕೊಟ್ಟ ನೀಲಿ ಟೀಶರ್ಟಿನ ಗುಂಡಿಯನ್ನು ಆ ಸೆಕೆಯಲ್ಲೂ ಕತ್ತಿನವರೆಗೆ ಹಾಕಿಕೊಳ್ಳುತ್ತಿದ್ದರು. ವಯರ್‌ಲೆಸ್ಸಿನಲ್ಲಿ ಅರಬಿ, ಗಿರಾಕಿಗಳ ಹತ್ತಿರ ಹಿಂದಿ, ನನ್ನ ಹತ್ತಿರ ಕನ್ನಡ. ಎಂಜಿನ್ ಮೊಂಡು ಹಿಡಿದರೆ ಮಾತ್ರ ಬ್ಯಾರಿ ಭಾಷೆ. "ಮನೆಯವರನ್ನು ಮನೆ ಭಾಷೆಯಲ್ಲೇ ಬಯ್ಬೇಕು, ಇಲ್ಲದಿದ್ರೆ ಅವರಿಗೆ ತಾಗುದಿಲ್ಲ" ಎನ್ನುತ್ತಿದ್ದರು.

ಅವರ ಬೋಟಿನಲ್ಲಿ ಒಂದು ಮಾತಿಗೆ ನಿಷೇಧವಿತ್ತು: 'ಇನ್ನು ಒಂದೇ ಒಂದು ಮೀನು.' ಮರಳುವ ಹೊತ್ತಿಗೆ ಯಾರಾದರೂ ಹಾಗೆ ಗೋಗರೆದರೆ ಹಸನಾಕ ಎಂಜಿನಿನ ಸದ್ದು ಏರಿಸಿ ಕಿವಿ ಕೇಳದವರಂತೆ ಇದ್ದುಬಿಡುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಅಂಗೈಗೆ ಗಾಳ ಹೊಕ್ಕಿತು. ಮುಳ್ಳು ಒಳಗೆ ಕಚ್ಚಿಕೊಂಡಿತ್ತು, ಎಳೆದರೆ ಮಾಂಸವೇ ಬರುವ ಹಾಗೆ. ದಡ ಬಹಳ ದೂರ. ನಾನು ಬಿಳಿಚಿಕೊಂಡು ಕೂತಿದ್ದೆ. ಹಸನಾಕ ಕಟಿಂಗ್ ಪ್ಲೇಯರ್ ಹಿಡಿದು ಎದುರಿಗೆ ಕೂತರು.

"ನಿನ್ನೆ ಮನೆಯಲ್ಲಿ ಎಂತ ಪದಾರ್ಥ ಮಾಡಿದ್ದು?"

"ಬಂಗುಡೆ... ಪುಳಿಮುಂಚಿ."

"ಮೆಣಸು ಹುರಿದು ಹಾಕಿದ್ದಾ, ಹಸಿಯಾ?"

"ಹುರಿದು..." ಎನ್ನುವಷ್ಟರಲ್ಲಿ ಗಾಳವನ್ನು ಮುಂದಕ್ಕೆ ಒತ್ತಿ, ಚರ್ಮದಿಂದ ಹೊರಬಂದ ಮುಳ್ಳನ್ನು ಕತ್ತರಿಸಿ, ಉಳಿದದ್ದನ್ನು ಹಿಂದಕ್ಕೆ ಎಳೆದಾಗಿತ್ತು. ನಾನು ಕಿರುಚಿದ್ದು ಆಮೇಲೆ. ಅವರು ಡೆಟಾಲ್ ಸುರಿಯುತ್ತಾ, "ಹಸಿ ಹಾಕ್ಬೇಕಿತ್ತು" ಎಂದರು.

ಇಷ್ಟು ಶಾಂತ ಮನುಷ್ಯ ಗಿರಾಕಿಯ ಎದುರು ಚೂರಿ ಹಿಡಿದದ್ದನ್ನು ನಾನು ನೋಡಿದ್ದೇನೆ.

ಅದು ಚಳಿಗಾಲದ ಒಂದು ದಿನ. ಬೋಟು ಬಾಡಿಗೆಗೆ ಹಿಡಿದವರು ಮೆಹ್ತಾ ಎಂಬ ಕಾಂಟ್ರಾಕ್ಟರು. ಆರಡಿ ಆಳು, ದೊಡ್ಡ ಗಂಟಲು, ಜೊತೆಗೆ ಇಬ್ಬರು ಗೆಳೆಯರು. ಬೆಳಗ್ಗೆಯಿಂದ ಸಣ್ಣಪುಟ್ಟ ಮೀನಷ್ಟೇ ಸಿಕ್ಕಿತ್ತು. ಇನ್ನೇನು ಹೊರಡಬೇಕು ಎನ್ನುವಾಗ ಮೆಹ್ತಾರ ಗಾಳಕ್ಕೆ ಭಾರೀ ಅಂಜಲ್ ಮೀನು ಬಿತ್ತು. ರೀಲಿನಿಂದ ನೂಲು ಕಿರ್ರನೆ ಓಡಿತು. ಮೀನು ಒಮ್ಮೆ ನೀರಿನಿಂದ ಮೇಲೆ ಹಾರಿ ಬಿದ್ದಾಗ ಮೂವರೂ ಮಕ್ಕಳ ಹಾಗೆ ಕೂಗಿದರು. ಅಷ್ಟು ದೊಡ್ಡದನ್ನು ನಾನೂ ಕಂಡಿರಲಿಲ್ಲ.

ಹಸನಾಕ ಮಾತ್ರ ಆಚೆ ನೋಡುತ್ತಿದ್ದರು. ವಾಯವ್ಯದಲ್ಲಿ ಆಕಾಶದ ಬುಡ ಕಂದು ಬಣ್ಣಕ್ಕೆ ತಿರುಗಿತ್ತು. ಸುತ್ತ ತೇಲುತ್ತಿದ್ದ ಹಕ್ಕಿಗಳೆಲ್ಲ ಯಾವಾಗಲೋ ಹೋಗಿಬಿಟ್ಟಿದ್ದವು.

"ಸಾಬ್, ಬೇಗ ಎಳೀರಿ. ಶಮಾಲ್ ಬರ್ತಾ ಉಂಟು" ಎಂದರು. ಆ ಕಡೆಯಿಂದ ಏಳುವ ಬಿರುಗಾಳಿಗೆ ಅಲ್ಲಿ ಹೇಳುವುದೇ ಹಾಗೆ. ಮುನ್ಸೂಚನೆಯಲ್ಲಿ ಅದು ಸಂಜೆಗೆ ಎಂದಿತ್ತು.

ಮೆಹ್ತಾ ಎಳೆದರು. ಮೀನು ಹತ್ತಿರ ಬಂದು ಮತ್ತೆ ಓಡಿತು. ಹಸನಾಕ ಇನ್ನೊಮ್ಮೆ ಹೇಳಿದರು. ಮೆಹ್ತಾ ತಿರುಗಿಯೂ ನೋಡಲಿಲ್ಲ. ಹಸನಾಕ ಮೂರನೆಯ ಸಲ ಹೇಳಲಿಲ್ಲ. ಸ್ಟೇರಿಂಗ್ ಬಿಟ್ಟು ಬಂದರು, ಸೊಂಟದ ಚೂರಿ ತೆಗೆದರು, ಬಿಗಿದು ನಿಂತಿದ್ದ ನೂಲಿಗೆ ಮುಟ್ಟಿಸಿದರು. ಟಪ್ ಎಂದಿತು. ಮೆಹ್ತಾ ಹಿಂದಕ್ಕೆ ಜೋಲಿ ಹೊಡೆದು ಸೀಟಿನ ಮೇಲೆ ಬಿದ್ದರು.

ಆಮೇಲಿನ ಬೈಗುಳವನ್ನು ಬರೆಯುವಂತಿಲ್ಲ. ಕೆಲಸದಿಂದ ತೆಗೆಸುತ್ತೇನೆ, ಊರಿಗೆ ಅಟ್ಟಿಸುತ್ತೇನೆ ಎಂದು ಮೆಹ್ತಾ ಅಬ್ಬರಿಸಿದರು. ಹಸನಾಕ "ಆಯ್ತು ಸಾಬ್, ದಡದಲ್ಲಿ ಮಾಡಿ" ಎಂದು ಬೋಟು ತಿರುಗಿಸಿದರು. ನಮ್ಮ ತಲೆಯ ಮೇಲೆ ಆಕಾಶ ಇನ್ನೂ ತಿಳಿಯಾಗಿಯೇ ಇತ್ತು. ಗಾಳಿ ಬಾರದಿದ್ದರೆ ಇವರ ಗತಿ ಏನು ಎಂದು ಯೋಚಿಸುತ್ತಿದ್ದೆ.

ಅರ್ಧ ದಾರಿಯಲ್ಲಿ ಗಾಳಿ ಬಂತು. ಬೆನ್ನಿಗೆ ಯಾರೋ ಗುದ್ದಿದ ಹಾಗೆ. ನೀರಿನ ಬಣ್ಣವೇ ಬದಲಾಯಿತು. ಅಲೆಗಳು ಹಿಂದಿನಿಂದ ಏರಿ ಬಂದು ಬೋಟನ್ನು ಎತ್ತಿ ಎತ್ತಿ ಕುಕ್ಕಿದವು. ಮೆಹ್ತಾ ಬಾಯಿ ಮುಚ್ಚಿ ಕಂಬಿ ಹಿಡಿದರು. ಅವರ ಗೆಳೆಯನೊಬ್ಬ ಕಣ್ಣು ಮುಚ್ಚಿ ಹನುಮಾನ್ ಚಾಲೀಸಾ ಶುರುಮಾಡಿದ.

ಆಗಲೇ ಎಡಕ್ಕೆ ಏನೋ ಹಳದಿ ಕಂಡಿತು. ಅಲೆಯ ಹಿಂದೆ ಮರೆಯಾಗಿ ಮತ್ತೆ ಕಂಡಿತು. ಮಗುಚಿದ ಕಯಾಕ್. ಒಬ್ಬರೇ ಕೂತು ಹುಟ್ಟು ಹಾಕುವ ಸಪುರ ಪ್ಲಾಸ್ಟಿಕ್ ದೋಣಿ. ಅದಕ್ಕೆ ಅಂಟಿಕೊಂಡು ಒಂದು ತಲೆ.

"ಹಸನಾಕ, ಜನ!" ಎಂದು ಕಿರುಚಿದೆ.

"ನಿಲ್ಲಿಸಬೇಡ!" ಮೆಹ್ತಾ ಕೂಗಿದರು. "ನಾವೂ ಮುಳುಗ್ತೇವೆ! ಕೋಸ್ಟ್ ಗಾರ್ಡಿಗೆ ಹೇಳು!"

ಹಸನಾಕ ವಯರ್‌ಲೆಸ್ಸಿನಲ್ಲಿ ಅರಬಿಯಲ್ಲಿ ಹೇಳಿದರು. ಹೇಳುತ್ತಲೇ ಬೋಟನ್ನು ಗಾಳಿಗೆ ಎದುರಾಗಿ ತಿರುಗಿಸಿದರು. ಮೂತಿ ಮೇಲೆದ್ದು ದಡಾರನೆ ಬಿತ್ತು, ನೀರು ತಲೆಯ ಮೇಲಿಂದ ಸುರಿಯಿತು. ಇಂಚಿಂಚೇ ಹತ್ತಿರ ಹೋದರು. ನೀರಿನಲ್ಲಿದ್ದವನು ಫಿಲಿಪಿನೋ ಯುವಕ, ತುಟಿ ನೀಲಿಗಟ್ಟಿತ್ತು. ಪ್ರೊಪೆಲ್ಲರ್ ತಾಗೀತೆಂದು ಹಸನಾಕ ಎಂಜಿನ್ ಆರಿಸಿ ಬದಿಗೆ ಓಡಿ ಬಂದರು. ಅಂಥ ಕಡಲಿನಲ್ಲಿ ಎಂಜಿನಿಲ್ಲದ ಬೋಟು ಎಂದರೆ ಏನೆಂದು ಮಲ್ಪೆಯಲ್ಲಿ ಹುಟ್ಟಿದವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅವರು ಮೆಹ್ತಾರ ರಟ್ಟೆ ಹಿಡಿದು ಎಬ್ಬಿಸಿದರು. "ಸಾಬ್, ಮೀನು ಬಿಡದ ಕೈ ನಿಮ್ದು. ಇವನನ್ನೂ ಬಿಡ್ಬೇಡಿ."

ಮೆಹ್ತಾ ಒಂದು ಕ್ಷಣ ಅವರನ್ನೇ ನೋಡಿದರು. ಮರುಕ್ಷಣ ಬೋರಲಾಗಿ ಮಲಗಿ ಎರಡೂ ಕೈ ಕೆಳಗೆ ಚಾಚಿದರು. ಮೊದಲ ಸಲ ತಪ್ಪಿತು. ಎರಡನೆಯ ಅಲೆಗೆ ಅವನ ಮಣಿಕಟ್ಟು ಸಿಕ್ಕಿತು. ನಾನು ಅವನ ಲೈಫ್ ಜಾಕೆಟ್ಟಿನ ಪಟ್ಟಿ ಹಿಡಿದೆ. ನೀರು ತುಂಬಿದ ಕಯಾಕನ್ನು ಅಲೆ ಎತ್ತಿ ಅವನ ಬೆನ್ನಿಗೆ ಎಸೆಯುವುದನ್ನು ಕಂಡ ಹಸನಾಕ ಬಗ್ಗಿ ಅದನ್ನು ಆಚೆ ನೂಕಿದರು. ಧಡ್ ಎಂಬ ಸದ್ದು ಕೇಳಿತು. ಯುವಕ ನಮ್ಮ ಮೂವರ ಮೇಲೆ ಬಂದು ಬಿದ್ದ.

ಎಂಜಿನ್ ಒಮ್ಮೆಗೆ ಹತ್ತಲಿಲ್ಲ. ಎರಡನೆಯ ಸಲವೂ ಕೆಮ್ಮಿ ಸತ್ತಿತು. ಬೋಟು ಅಲೆಗೆ ಅಡ್ಡವಾಗತೊಡಗಿತು. ಹಸನಾಕ ಬ್ಯಾರಿ ಭಾಷೆಯಲ್ಲಿ ಅದರ ಏಳು ತಲೆಮಾರನ್ನು ಜಾಲಾಡಿದರು. ಹತ್ತಿತು.

ಅಲ್ ಮೀನಾ ಮುಟ್ಟಿದಾಗ ಅಂಬುಲೆನ್ಸ್ ಕಾಯುತ್ತಿತ್ತು. ಯುವಕನನ್ನು ಇಳಿಸಿದೆವು. ಹಸನಾಕ ಸ್ಟೇರಿಂಗ್ ಬಿಟ್ಟು ಏಳಲಿಲ್ಲ. "ತಂಗಿ, ಆ ಕೀ ಒಂಚೂರು ತಿರುಗಿಸಿ ಎಂಜಿನ್ ಆರಿಸು" ಎಂದರು. ಬಲಗೈಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಟವೆಲು ಬಿಳಿಯದ್ದು, ಆಗ ಬಿಳಿ ಇರಲಿಲ್ಲ. ಅಷ್ಟು ದೂರ ಒಂದೇ ಕೈಯಲ್ಲಿ ಬೋಟು ತಂದಿದ್ದರು. ಬೋಟಿಗೂ ಕಯಾಕಿಗೂ ನಡುವೆ ಬೆರಳುಗಳು ಸಿಕ್ಕಿಕೊಂಡದ್ದನ್ನು ಯಾರಿಗೂ ಹೇಳಿರಲಿಲ್ಲ.

"ಆಗಲೇ ಹೇಳುದಲ್ವಾ!" ಎಂದು ನಾನು ಅತ್ತೆ.

"ಹೇಳಿದ್ರೆ ನೀನು ಆಗಲೇ ಅಳ್ತಿದ್ದೆ."

ಮೆಹ್ತಾ ದೂರು ಕೊಡಲಿಲ್ಲ. ಆಸ್ಪತ್ರೆಗೆ ಮನೆಯಿಂದ ದಾಲ್, ರೊಟ್ಟಿ ಹೊತ್ತು ಬರುತ್ತಿದ್ದರು. ಅವರೇ ತುತ್ತು ಮಾಡಿ ಕೊಡುತ್ತಿದ್ದದ್ದನ್ನೂ ಕಂಡೆ. "ಉಪ್ಪೂ ಇಲ್ಲ, ಖಾರವೂ ಇಲ್ಲ. ಪಾಪ, ಪ್ರೀತಿಯಲ್ಲಿ ತರ್ತಾರೆ" ಎಂದು ಹಸನಾಕ ನನ್ನಲ್ಲಿ ಪಿಸುಗುಟ್ಟುತ್ತಿದ್ದರು.

ಬೆರಳಿನ ಮೂಳೆಗಳು ಕೂಡಿದವು, ಮುಷ್ಟಿ ಮಾತ್ರ ಮುಚ್ಚಲಿಲ್ಲ. ವೈದ್ಯರು ಬೋಟು ನಡೆಸಲು ಸರ್ಟಿಫಿಕೇಟ್ ಕೊಡಲಿಲ್ಲ. ಬೋಟಿನ ಯಜಮಾನರು ಒಳ್ಳೆಯವರು, ಖಾಲಿದಿಯಾ ಬಡಾವಣೆಯ ಆಫೀಸಿನಲ್ಲಿ ಎಸಿಯ ಕೆಳಗೆ ಕೂರಿಸಿ ಬುಕಿಂಗ್ ಫೋನು ಕೊಟ್ಟರು. ಹಸನಾಕ ಫೋನೆತ್ತಿದವರೇ ಎದ್ದು ಕಿಟಕಿಗೆ ಹೋಗಿ, ಕಟ್ಟಡಗಳ ಸಂದಿಯಲ್ಲಿ ಕಾಣುವ ಒಂದು ತುಂಡು ಆಕಾಶ ನೋಡಿ, "ನಾಳೆ ಬರ್ಬೇಡಿ ಸಾಬ್, ಕಡಲಿಗೆ ಮನಸ್ಸಿಲ್ಲ" ಎನ್ನುತ್ತಿದ್ದರು. ಯಜಮಾನರು ತಲೆಗೆ ಕೈ ಹೊತ್ತರು. ಕೊನೆಗೆ ಹಸನಾಕರೇ ಫೋನನ್ನು ಮೇಜಿನ ಮೇಲಿಟ್ಟು "ಖಲಾಸ್" ಎಂದರಂತೆ. ವೀಸಾ ಕ್ಯಾನ್ಸಲ್ ಮಾಡಿಸಿಕೊಂಡರು.

ಊರಿಗೆ ಹೊರಡುವ ದಿನ ಬೆಳಗ್ಗೆ ಬಂದರಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅತ್ತರಿನ ಪರಿಮಳ, ಕಂಕುಳಲ್ಲಿ ಮಾರ್ಕೆಟ್ಟಿನಿಂದ ತಂದ ಖರ್ಜೂರದ ಪೊಟ್ಟಣ. ಗಿರಾಕಿಗಳು ಹತ್ತಿ ಕೂತಿದ್ದರು, ಎಂಜಿನ್ ಓಡುತ್ತಿತ್ತು. ಹೊಸ ಕ್ಯಾಪ್ಟನ್ ಕಾಸರಗೋಡಿನ ರಶೀದ್, "ಬನ್ನಿ ಇಕ್ಕಾ, ಒಂದು ಚಾಯ ಕುಡಿದು ಇಳೀರಿ" ಎಂದು ಕೈ ಚಾಚಿದ.

ಹಸನಾಕ ಬೋಟನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಬೇಡ ಮೋನೆ. ಹತ್ತಿದ್ರೆ ಇಳೀಲಿಕ್ಕೆ ಆಗ್ಲಿಕ್ಕಿಲ್ಲ."

ಖರ್ಜೂರದ ಪೊಟ್ಟಣವನ್ನು ನನ್ನ ಕೈಗಿತ್ತರು. ಆಮೇಲೆ ದಕ್ಕೆಯಲ್ಲಿ ಬೋಟು ಕಟ್ಟುವ ಗೂಟದ ಹತ್ತಿರ ಬಗ್ಗಿ, ಎಡಗೈಯಲ್ಲಿ ನಿಧಾನಕ್ಕೆ ಹಗ್ಗ ಬಿಚ್ಚತೊಡಗಿದರು. ಗಂಟು ಬಿಗಿದಿತ್ತು. ನಾನು ಸಹಾಯಕ್ಕೆ ಇಳಿಯಹೋದರೆ "ನೀನಲ್ಲೇ ಇರು" ಎಂದು ಗದರಿದರು. ಗಿರಾಕಿಗಳು ಗಡಿಯಾರ ನೋಡಿಕೊಂಡರು. ರಶೀದ್ ಕಾದ. ಗಂಟು ಬಿಟ್ಟಿತು. ಹಗ್ಗವನ್ನು ನನ್ನತ್ತ ಎಸೆದು, ಅಂಗೈಯಿಂದ ಬೋಟಿನ ಬದಿಯನ್ನು ಒಂದು ಸಲ ಮೆಲ್ಲಗೆ ನೂಕಿದರು.

ನಡುವೆ ನೀರು ಅಗಲವಾಗುತ್ತಾ ಹೋಯಿತು.