ಬಟನ್ನಿನೊಳಗೆ ಹಿಡಿಸದ ಹೊನ್ನಾಳಿ

“ಇದನ್ನ ಯಾರೋ ಫಾರಿನ್ನೋರು ಮಾಡಿ ಫ್ರೀ ಬಿಟ್ಟಾರೆ ರೀ,” ಎಂದಳು ನ್ಯಾಮತಿಯಿಂದ ಹೊನ್ನಾಳಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಯುವತಿ. ನಾನು ಅವಳ ಲ್ಯಾಪ್‌ಟಾಪಿಗೆ ಇಣುಕುತ್ತಿದ್ದೆ. ಪರದೆಯ ಮೇಲೆ ಏನು ಕಾಣಬೇಕೆಂದು ಬರೆದರೆ ಸಾಕು, ತಾನೇ ಚಿತ್ರಿಸಿಕೊಡುವ ಆ ತಂತ್ರಾಂಶವನ್ನು ಕಳೆದ ತಿಂಗಳು ಎಲ್ಲರಿಗೂ ಮುಕ್ತವಾಗಿ ಬಿಟ್ಟವನು ನಾನೇ! ಅದರಲ್ಲಿ ಅವಳು ಬಸ್ಸಿನ ವೇಳೆ ತೋರಿಸುವ ಆ್ಯಪ್ ಮಾಡುತ್ತಿದ್ದಳು. ಹೆಮ್ಮೆ ತಡೆಯಲಾರದೆ ಹೇಳಿಬಿಟ್ಟೆ.

“ನೀವಾ? ಹಂಗಾರೆ ಮೊದ್ಲು ಇದನ್ನ ನೋಡ್ರಿ. ಹೊನ್ನಾಳಿ ಒತ್ತೇ ಹಾರಿ ಹೋಗೈತೆ!”

ನಿಜ, ಊರಿನ ಹೆಸರಿದ್ದ ಬಟನ್ನಿನ ಅಂಚು ‘ನ್ನಾ’ದ ಒತ್ತಕ್ಷರವನ್ನು ಕತ್ತರಿಸಿ ಹಾಕಿತ್ತು. ಹೊನ್ನಾಳಿಯಲ್ಲೇ ಹುಟ್ಟಿದ ನಾನು ಎಲ್ಲವನ್ನೂ ಇಂಗ್ಲಿಷಿನಲ್ಲೇ ಪರೀಕ್ಷಿಸಿದ್ದೆ! ನಗುತ್ತಲೇ ಇಬ್ಬರೂ ಸೇರಿ ಊರು ಬರುವಷ್ಟರಲ್ಲಿ ಸರಿಪಡಿಸಿ, ‘ಹೊನ್ನಾಳಿ’ ಪದವನ್ನೂ ತಂತ್ರಾಂಶದ ಪರೀಕ್ಷೆಗಳಿಗೆ ಸೇರಿಸಿದೆವು.

ಈಗ ಯಾವ ದೇಶದವರು ಆ ತಂತ್ರಾಂಶವನ್ನು ತಿದ್ದಿದರೂ, ಮೊದಲು ಅವರ ಪರದೆಯ ಮೇಲೆ ಹೊನ್ನಾಳಿ ನೆಟ್ಟಗೆ ನಿಲ್ಲಬೇಕು.