ತೋಡಿನಾಚೆಯ ಆದೇಶ

ಕಾಗದ ಓದುವುದೇ ನನ್ನ ಹೊಟ್ಟೆಪಾಡು. ಬಹರೈನಿನ ಮೀನಾ ಸಲ್ಮಾನಿನಲ್ಲಿ, ಗೋದಾಮುಗಳ ಸಾಲಿನ ನಡುವೆ, ಹಡಗಿನಲ್ಲಿ ಬಂದ ಸಾಮಾನನ್ನು ಕಸ್ಟಮ್ಸಿನಿಂದ ಬಿಡಿಸಿಕೊಡುವ ಸಣ್ಣ ಆಫೀಸೊಂದರಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದೇನೆ. ಇನ್‌ವಾಯ್ಸಿನಲ್ಲಿ ಒಂದು ಅಕ್ಷರ ಆಚೀಚೆಯಾಗಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ. ಸೀಲು ಸರಿ ಬಿದ್ದಿಲ್ಲವೆಂದರೆ ಡ್ರೈವರನನ್ನು ಬಂದ ದಾರಿಯಲ್ಲೇ ವಾಪಸು ಓಡಿಸುತ್ತೇನೆ. ಬೆನ್ನ ಹಿಂದೆ ಅವರು ನನ್ನನ್ನು ಏನೆಂದು ಕರೆಯುತ್ತಾರೆಂಬುದೂ ಗೊತ್ತು, ಅದರ ಬಗ್ಗೆ ನನಗೆ ಬೇಸರವಿಲ್ಲ. ಇಂಥ ನಾನು ಒಂದು ಕಾಗದವನ್ನು ತಪ್ಪಾಗಿ ಓದಿದೆ. ಅದರಿಂದ ಊರಿನಲ್ಲಿ ಏನಾಗುವುದರಲ್ಲಿತ್ತು ಎಂಬುದನ್ನು ಪೂರ್ತಿಯಾಗಿ ಯಾರಿಗೂ ಹೇಳಿಲ್ಲ.

ನಮ್ಮ ಊರು ಕರ್ನಾಟಕದ ಅಂಚಿನಲ್ಲಿದೆ. ಮನೆಯ ಕೆಳಗೆ ಗದ್ದೆ, ಗದ್ದೆಯ ಕೆಳಗೆ ತೋಡು, ತೋಡು ದಾಟಿದರೆ ಕೇರಳ. ಮಳೆಗಾಲ ಬಿಟ್ಟರೆ ಅದರಲ್ಲಿ ಮೊಣಕಾಲು ಮುಳುಗುವಷ್ಟೂ ನೀರಿರುವುದಿಲ್ಲ. ಚಿಕ್ಕಂದಿನಲ್ಲಿ ಮನೆಯಲ್ಲಿ ಸಕ್ಕರೆ ಮುಗಿದರೆ ನಾವು ಓಡುತ್ತಿದ್ದದ್ದು ಆಚೆ ದಡದ ಅಂಗಡಿಗೆ. ಜ್ವರ ಬಂದರೆ ಆಚೆಯ ಡಾಕ್ಟರು, ಮದುವೆ ಸಂಬಂಧಗಳೂ ಅತ್ತಿಂದಿತ್ತ. ಬಹರೈನಿಗೆ ಬಂದ ಮೇಲಂತೂ ಆ ತೋಡು ನನ್ನ ಮನಸ್ಸಿನಿಂದ ಅಳಿಸಿಯೇ ಹೋಗಿತ್ತು. ಗುಫೂಲಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿರುವ ಕೋಲ್ಡ್ ಸ್ಟೋರು ಎಂಬ ದಿನಸಿ ಅಂಗಡಿಯವನು ನನ್ನೊಡನೆ ಮಲಯಾಳದಲ್ಲೇ ಮಾತು ಶುರು ಮಾಡುತ್ತಾನೆ, ನಾನೂ ಮಲಯಾಳದಲ್ಲೇ ಜಗಳ ಮುಗಿಸುತ್ತೇನೆ. ಆಫೀಸಿನಲ್ಲಿ ಮಲಯಾಳದ ವಾರ್ತೆ ನಡೆಯುತ್ತಿದ್ದರೆ ಅದು ನಮ್ಮ ಊರಿನ ವಾರ್ತೆಯೆಂದೇ ಕೇಳುತ್ತಿದ್ದೆ.

ಊರಿನ ಮನೆ, ಗದ್ದೆ ಎರಡನ್ನೂ ನೋಡಿಕೊಳ್ಳುವವನು ನನ್ನ ತಮ್ಮ. ಅವನಿಗೆ ಮೂವತ್ತನಾಲ್ಕು ದಾಟಿದೆ, ಮದುವೆಯಾಗಿ ಆರು ವರ್ಷವಾಗಿದೆ, ಆದರೂ ಪಂಪು ರಿಪೇರಿಯಿಂದ ಹಿಡಿದು ಹೆಂಡತಿಯ ಹಲ್ಲುನೋವಿನವರೆಗೆ ಎಲ್ಲಕ್ಕೂ ನಾನು ಇಲ್ಲಿಂದ ಫೋನಿನಲ್ಲಿ ಹುಕುಂ ಕೊಡಬೇಕು. ಕೊಡಬೇಕು ಎಂದು ನಾನು ತಿಳಿದಿದ್ದೆ. ಅಪ್ಪ ತೀರಿಕೊಂಡಾಗ ಅವನು ಹೈಸ್ಕೂಲಿನಲ್ಲಿದ್ದ. ಆಗ ಹಿಡಿದುಕೊಂಡ ಯಜಮಾನಿಕೆಯನ್ನು ನಾನು ಬಿಡಲೇ ಇಲ್ಲ. ಅವನ ಹೆಂಡತಿ ಪಾಪದ ಹುಡುಗಿ, ನಾನು ಹೇಳಿದ್ದಕ್ಕೆಲ್ಲ "ಆಯ್ತು ಅತ್ತಿಗೆ" ಅನ್ನುತ್ತಾಳೆ.

ಕಾಡುಹಂದಿಗಳ ಕಾಟ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ನಾವು ಸಣ್ಣವರಿದ್ದಾಗ ಹಂದಿ ಬಂತೆಂದರೆ ಊರೆಲ್ಲ ಸುದ್ದಿ. ಈಗ ಅವು ಮರಿಗಳ ಹಿಂಡು ಕಟ್ಟಿಕೊಂಡು ಸಂಜೆಯ ಬಸ್ಸಿನ ಹಾಗೆ ಹೊತ್ತಿಗೆ ಸರಿಯಾಗಿ ಬರುತ್ತವೆ. ತಮ್ಮ ಭತ್ತ ಬಿಟ್ಟು ಮರಗೆಣಸು ಹಾಕಿದ್ದ. ಬುಡಕ್ಕೆ ಮೂತಿ ಹಾಕಿ ಸಾಲಿಗೆ ಸಾಲೇ ಮಗುಚಿ ಹಾಕುತ್ತಿದ್ದವು, ತಿಂದದ್ದಕ್ಕಿಂತ ಹಾಳು ಮಾಡಿದ್ದೇ ಹೆಚ್ಚು. ಗದ್ದೆಯ ಸುತ್ತ ಹಳೆ ಸೀರೆ ಕಟ್ಟಿದ, ಪಟಾಕಿ ಹೊಡೆದ, ಕೂದಲು ಚೆಲ್ಲಿದರೆ ಬರುವುದಿಲ್ಲವೆಂದು ಯಾರೋ ಹೇಳಿದ್ದಕ್ಕೆ ಸೆಲೂನಿನಿಂದ ಗೋಣಿಗಟ್ಟಲೆ ಕೂದಲನ್ನೂ ತಂದು ಹಾಕಿದ. ಮೂರು ದಿನ ಹಂದಿ ಬರಲಿಲ್ಲ, ನಾಲ್ಕನೆಯ ದಿನ ಆ ಕೂದಲಿನ ಮೇಲೆಯೇ ಹೊರಳಾಡಿ ಹೋದವು. ಅಪ್ಪನ ಕಾಲದ ಕೋವಿಯೊಂದು ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ತಮ್ಮನ ಹೆಸರಿಗಿತ್ತು. ಆದರೆ ಅದರಿಂದ ಗಾಳಿಗೆ ಗುಂಡು ಹಾರಿಸಿ ಹೆದರಿಸಬಹುದಿತ್ತೇ ಹೊರತು ಹಂದಿಗೆ ಹೊಡೆದರೆ ಕೇಸು.

ನಮ್ಮ ಆಫೀಸಿನಲ್ಲಿ ನನ್ನ ಎದುರು ಮೇಜಿನಲ್ಲಿ ಕೂರುವವರು ಕೇರಳದ ಒಬ್ಬ ಹಿರಿಯರು. ನಾನು ಅವರನ್ನು ಅವರ ಭಾಷೆಯಲ್ಲೇ ಚೇಟ, ಅಂದರೆ ಅಣ್ಣ, ಎಂದು ಕರೆಯುತ್ತೇನೆ. ಅವರ ಊರಿನಲ್ಲೂ ಇದೇ ಗೋಳು. ಒಂದು ದಿನ ಅವರು ಖುಷಿಯಲ್ಲಿ ಮೊಬೈಲು ಎತ್ತಿ ತೋರಿಸಿದರು. ಬೇಟೆಯ ನಿಯಮ ಸಡಿಲವಾಗಿದೆ, ಬೆಳೆಗೆ ಬಿದ್ದ ಹಂದಿಯನ್ನು ಹೊಡೆಯಲು ಪಂಚಾಯತ್ ಅಧ್ಯಕ್ಷರೇ ಅನುಮತಿ ಕೊಡಬಹುದು, ಲೈಸೆನ್ಸ್ ಇದ್ದವರು ಹೊಡೆಯಬೇಕು, ಹೊಡೆದದ್ದನ್ನು ತಿನ್ನುವ ಹಾಗಿಲ್ಲ, ಸೀಮೆಎಣ್ಣೆ ಸುರಿದು ಹೂಳಬೇಕು. ನಾನು ಆ ಸುದ್ದಿಯನ್ನು ಆಗಲೇ ತಮ್ಮನಿಗೆ ಕಳಿಸಿ ಫೋನು ಮಾಡಿದೆ.

"ತಿನ್ನುವ ಹಾಗಿಲ್ವಾ? ಹಾಗಾದ್ರೆ ಎಂತ ಗಮ್ಮತ್ತುಂಟು ಅದರಲ್ಲಿ?" ಎಂದು ಅವನು ನಕ್ಕ. ಆಮೇಲೆ ಸ್ವಲ್ಪ ಅನುಮಾನದಿಂದ ಕೇಳಿದ, "ಅಕ್ಕ, ಇದು ನಮ್ಗೆ ಆಗ್ತದಾ? ಇಲ್ಲಿ ಯಾರೂ ಹೇಳಿದ್ದು ಕೇಳ್ಲಿಲ್ಲ."

"ಅಲ್ಲಿ ಯಾರು ಪೇಪರ್ ಓದ್ತಾರೆ ಮಾರಾಯ? ನಾನು ಅರ್ಜಿ ಬರೆದು ಕಳಿಸ್ತೇನೆ. ನೀನು ಪಂಚಾಯತಿಗೆ ಕೊಟ್ಟು ಸೀಲ್ ಹಾಕಿಸ್ಕೊಂಡು ಬಾ, ಸಾಕು."

ಅವನು ಕೇಳಿದ್ದು ಸರಿಯಾದ ಪ್ರಶ್ನೆಯೇ. ನಾನು ಅದನ್ನು ಬಾಯಿ ಮುಚ್ಚಿಸುವ ಧಾಟಿಯಲ್ಲಿ ತಳ್ಳಿಹಾಕಿದೆ. ಅರ್ಜಿಯನ್ನು ಅಚ್ಚುಕಟ್ಟಾಗಿ ಬರೆದೆ, ಆದೇಶದ ಉಲ್ಲೇಖ ಕೊಟ್ಟೆ, ಸರ್ವೆ ನಂಬರು ಹಾಕಿದೆ. ವಾರದೊಳಗೆ ಅವನಿಂದ ಫೋಟೋ ಬಂತು. ಅರ್ಜಿಯ ಪ್ರತಿಯ ಮೂಲೆಯಲ್ಲಿ ಪಂಚಾಯತಿಯ ನೇರಳೆ ಸೀಲು, ಅದರ ಕೆಳಗೆ ಗುಮಾಸ್ತನ ಗೀಚು ಸಹಿ. ಅದು ಅರ್ಜಿ ತಲುಪಿತು ಎಂಬುದಕ್ಕೆ ಒತ್ತುವ ಸೀಲು. ಇಲ್ಲಿ ಅಂಥದನ್ನು ತೋರಿಸಿ ಯಾರಾದರೂ ಸಾಮಾನು ಬಿಡಿಸಿಕೊಳ್ಳಲು ಬಂದರೆ ನಾನು ಅವರ ಮಾನ ಕಳೆಯುತ್ತೇನೆ. ಅವತ್ತು ಮಾತ್ರ, ಬರೆದದ್ದು ನಾನೇ ಆದ್ದರಿಂದಲೋ ಏನೋ, ಸೀಲು ಕಂಡದ್ದೇ ಕಣ್ಣು ತಣ್ಣಗಾಯಿತು. "ಆಯ್ತಲ್ಲ, ಇನ್ನು ಎಂತ ನೋಡ್ತೀ?" ಎಂದೆ.

ಮಳೆಗಾಲ ಮುಗಿದು ಗೆಣಸು ಬಲಿಯುವ ಹೊತ್ತು. ಒಂದು ಮಂಗಳವಾರ ಮಧ್ಯಾಹ್ನ ತಮ್ಮ ಮೆಸೇಜು ಹಾಕಿದ್ದ: ಇವತ್ತು ಸಂಜೆ ಗದ್ದೆಯ ಬದುವಿನಲ್ಲಿ ಕೂರುತ್ತೇನೆ, ಮೊಬೈಲು ಆಫ್ ಮಾಡಿರುತ್ತೇನೆ. ನಾನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ಕೆಲಸಕ್ಕೆ ತಿರುಗಿದೆ.

ಮೂರೂವರೆಗೆ ಚಹಾ ಬಂತು. ಊರಿನಲ್ಲಿ ಆಗ ಆರು ಗಂಟೆ. ಚೇಟನಿಗೆ ಸೀಲಿನ ಫೋಟೋ ತೋರಿಸಿ, ನಮ್ಮಲ್ಲೂ ಅನುಮತಿ ಸಿಕ್ಕಿತು, ಇವತ್ತು ತಮ್ಮ ಹಂದಿಗೆ ಕೂತಿದ್ದಾನೆ ಎಂದು ಜಂಭ ಕೊಚ್ಚಿಕೊಂಡೆ. ಅವರು ಕನ್ನಡಕ ಏರಿಸಿ ನೋಡಿದರು. ಕನ್ನಡ ಓದಲು ಅವರಿಗೆ ಬಾರದು.

"ಇದು ಯಾವ ಪಂಚಾಯತ್?" ಎಂದು ಮಲಯಾಳದಲ್ಲಿ ಕೇಳಿದರು. ಹೇಳಿದೆ.

"ಅದು ಕರ್ನಾಟಕ ಅಲ್ವಾ ಮೋಳೇ? ಈ ಆದೇಶ ನಮ್ಮ ಸರಕಾರದ್ದು. ನಿಮ್ಮಲ್ಲಿ ಫಾರೆಸ್ಟಿನವರೇ ಕೊಡ್ಬೇಕಲ್ಲ."

ಅವರು ಇದನ್ನು ಹೇಳಿದ್ದು ಬಿಸ್ಕೆಟು ಅದ್ದುತ್ತಾ, ಮಾಮೂಲಿಯಾಗಿ. ತೋಡು ಎಲ್ಲಿ ಹರಿಯುತ್ತದೆ, ನಮ್ಮ ಗದ್ದೆ ಅದರ ಯಾವ ಬದಿಯಲ್ಲಿದೆ ಎಂಬುದು ಆ ಕುರ್ಚಿಯಲ್ಲಿ ಕೂತಲ್ಲೇ ನನಗೆ ಸ್ಪಷ್ಟವಾಗಿ ಕಂಡಿತು. ತಮ್ಮ ಹಂದಿ ಹೊಡೆದರೆ ಕೇಸು, ಜೈಲು, ಕೋವಿ ಜಪ್ತಿ. ಹೊಡೆದದ್ದನ್ನು ಅವನು ಮುಚ್ಚಿಡುವುದೂ ಇಲ್ಲ. ಅನುಮತಿ ಉಂಟೆಂದು ನಂಬಿಕೊಂಡು ತಾನೇ ನಾಲ್ಕು ಜನರನ್ನು ಕರೆದು ತೋರಿಸುತ್ತಾನೆ.

ಅವನಿಗೆ ಫೋನು ಮಾಡಿದೆ. ಆಫ್. ಇನ್ನೊಮ್ಮೆ ಮಾಡಿದೆ, ಮತ್ತೂ ಆಫ್. ಅವನ ಹೆಂಡತಿಗೆ ಮಾಡಿದರೆ ರಿಂಗಾಗಿ ಕಟ್ಟಾಯಿತು. ಮೂರನೆಯ ಸಲ ಎತ್ತಿಕೊಂಡಳು.

"ಅವ ಹೋಗಿ ಎಷ್ಟು ಹೊತ್ತಾಯ್ತು?"

"ಈಗ ಕಾಲು ಗಂಟೆ ಆಯ್ತು ಅತ್ತಿಗೆ. ಎಂತ ಆಯ್ತು?"

"ಓಡು. ಹೋಗಿ ಹೊಡೀಬೇಡ ಅಂತ ಹೇಳು. ಆ ಕಾಗದ ನಡಿಯುದಿಲ್ಲ, ಕೇಸ್ ಆಗ್ತದೆ. ಕೂಗ್ಬೇಡ ಮತ್ತೆ, ಯಾರಿಗೂ ಗೊತ್ತಾಗ್ಬಾರ್ದು ಅವ ಕೋವಿ ಹಿಡ್ಕೊಂಡು ಕೂತದ್ದು. ಮೆಲ್ಲ ಹೋಗಿ ಹತ್ತಿರ ನಿಂತು ಹೇಳು. ಬೇಗ!"

"ಆಯ್ತು ಅತ್ತಿಗೆ," ಎಂದಳು. ಫೋನನ್ನು ಜಗಲಿಯ ದಂಡೆಯ ಮೇಲೆ ಇಟ್ಟ ಸದ್ದು, ಚಪ್ಪಲಿಯ ಸದ್ದು. ಅವಸರದಲ್ಲಿ ಕಾಲ್ ಕಟ್ ಮಾಡುವುದನ್ನು ಮರೆತಿದ್ದಳು.

ನನ್ನ ಫೋನನ್ನು ಕಿವಿಗೊತ್ತಿಕೊಂಡೇ ಎದ್ದು ಗೋದಾಮಿನ ಬಾಗಿಲಿಗೆ ಬಂದು ನಿಂತೆ. ಒಳಗೆಲ್ಲೋ ಕುಕ್ಕರು ಕೂಗಿತು. ಕಾಗೆಗಳು ಗೂಡು ಸೇರುವ ಗಲಾಟೆ ಕೇಳುತ್ತಿತ್ತು. ಆಗ ಅಲ್ಲಿ ಕತ್ತಲು ಇಳಿಯುತ್ತಿರುತ್ತದೆ, ಗೆಣಸಿನ ಗಿಡಗಳು ಆಳೆತ್ತರ ಬೆಳೆದಿರುತ್ತವೆ ಎಂದು ಲೆಕ್ಕ ಹಾಕಿದೆ. ತಮ್ಮ ಬದುವಿನಲ್ಲಿ ಕೂತು ಗಿಡ ಅಲುಗುವುದನ್ನೇ ಕಾಯುತ್ತಿರುತ್ತಾನೆ.

ಆಗ ನನಗೆ ಹೊಳೆಯಿತು. ಗಿಡ ಅಲುಗಿಸಿಕೊಂಡು ಸದ್ದಿಲ್ಲದೆ ಅವನ ಹತ್ತಿರ ಹೋಗು ಎಂದು ನಾನೇ ಅವನ ಹೆಂಡತಿಯನ್ನು ಕಳಿಸಿದ್ದೆ.

"ಏ! ನಿಲ್ಲು! ವಾಪಸ್ ಬಾ!" ಎಂದು ಫೋನಿನೊಳಗೆ ಕಿರುಚಿದೆ. ಗೋದಾಮಿನಲ್ಲಿ ಪೆಟ್ಟಿಗೆ ಇಳಿಸುತ್ತಿದ್ದವರು ನಿಂತು ನೋಡಿದರು. ಜಗಲಿಯ ಮೇಲಿನ ಆ ಫೋನಿನಿಂದ ನನ್ನ ದನಿ ಅಂಗಳದವರೆಗೂ ಹೋಗಿರಲಿಕ್ಕಿಲ್ಲ. ಆದರೂ ಕಿರುಚುತ್ತಲೇ ಇದ್ದೆ. ಚೇಟ ಎದ್ದು ಬಂದು ಏನು ಎಂದು ಕೇಳಿದರು. ಉತ್ತರ ಕೊಡದೆ ಕೈ ಎತ್ತಿ ಸುಮ್ಮನಿರಿ ಎಂದೆ, ಯಾಕೆಂದರೆ ಕೇಳಿಸಿಕೊಳ್ಳಬೇಕಿತ್ತು. ಗುಂಡಿನ ಸದ್ದು ಅಷ್ಟು ದೂರದಿಂದ ಫೋನಿನಲ್ಲಿ ಹೇಗೆ ಕೇಳುತ್ತದೆ? ದೊಡ್ಡದಾಗಿಯೋ, ಬಾಗಿಲು ಬಡಿದ ಹಾಗೋ? ಫೋರ್ಕ್‌ಲಿಫ್ಟು ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿದ ಸದ್ದನ್ನೇ ಗುಂಡೆಂದುಕೊಂಡೆ. ಅದನ್ನು ನಿಲ್ಲಿಸಿ ಎಂದು ಬೈದೆ, ಡ್ರೈವರು ಇಂಜಿನ್ ಬಂದ್ ಮಾಡಿದ.

ಕುಕ್ಕರು ಇನ್ನೆರಡು ಸಲ ಕೂಗಿತು. ಮನೆಯಿಂದ ಗದ್ದೆಗೆ ಐದು ನಿಮಿಷದ ದಾರಿ. ಐದಾಯಿತು, ಎಂಟಾಯಿತು. ನಾನು ನಂಬುವ ದೈವಗಳನ್ನೆಲ್ಲ ಹೆಸರು ಹಿಡಿದು ಕರೆದೆ. ಊರಿಗೆ ಹೋದಾಗಲೂ ಕೈ ಮುಗಿಯಲು ಸೋಮಾರಿತನ ಮಾಡುವವಳು ನಾನು. ಕುಕ್ಕರಿನ ಕೂಗು ನಿಂತು ಸೀದ ವಾಸನೆ ನನಗೇ ಬಂದಂತೆ ಅನ್ನಿಸಿತು.

ಹನ್ನೊಂದು ನಿಮಿಷದ ಮೇಲೆ ಚಪ್ಪಲಿಯ ಸದ್ದು ಕೇಳಿತು. ಒಂದಲ್ಲ, ಎರಡು ಜೊತೆ. ಅವಳು "ಅಯ್ಯೋ, ಅನ್ನ!" ಎಂದು ಒಳಗೆ ಓಡಿದ್ದು ಕೇಳಿತು. ನಾನು ಅಲ್ಲೇ ಇದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತೆ.

ತಮ್ಮ ಫೋನು ಎತ್ತಿಕೊಂಡ. "ಹಲೋ" ಅಂದ. ಅವನಿಗೆ ಸಮಾಧಾನ ಹೇಳಬೇಕಾದವಳು ನಾನು. ಅದು ಬಿಟ್ಟು, ಕಾಗದ ಸರಿಯಾಗಿ ನೋಡಬೇಕೆಂದು ಗೊತ್ತಾಗುವುದಿಲ್ಲವಾ, ಪಂಚಾಯತಿಯಲ್ಲಿ ಬಾಯಿಬಿಟ್ಟು ಕೇಳಲಿಕ್ಕೆ ಏನಾಗಿತ್ತು ಎಂದು ಅವನನ್ನೇ ತರಾಟೆಗೆ ತೆಗೆದುಕೊಂಡೆ. ಅವನು ಎಲ್ಲ ಕೇಳಿ, "ಆಯ್ತಕ್ಕ, ಇಡ್ತೇನೆ," ಎಂದ. ಈಗಲೂ ಆ ಬೈಗುಳಗಳು ನೆನಪಾದರೆ ನಾಚಿಕೆಯಾಗುತ್ತದೆ.

ಶುಕ್ರವಾರ ರಜೆ. ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಅವನೇ ಫೋನು ಮಾಡಿದ. ಮನೆಯಿಂದ ಮಾಡಿರಲಿಲ್ಲ, ಹಿಂದುಗಡೆ ಬಸ್ಸುಗಳ ಹಾರ್ನು ಕೇಳುತ್ತಿತ್ತು.

"ಅಕ್ಕ, ಅವತ್ತು ನಾನು ಗುರಿ ಇಟ್ಟಾಗಿತ್ತು," ಎಂದ.

ನಾನು ಒಲೆ ಆರಿಸಿದೆ.

"ಗೆಣಸಿನ ಸಾಲಲ್ಲಿ ಗಿಡ ಅಲ್ಲಾಡ್ತಾ ಬಂತು. ತಗ್ಗಿಕೊಂಡು ಬರ್ತಾ ಇತ್ತು, ಹಂದಿಯ ಎತ್ತರವೇ. ಬೆರಳು ಟ್ರಿಗರ್ ಮೇಲೆ ಇತ್ತು. ಆದ್ರೆ ಹಂದಿ ಆದ್ರೆ ನಡುನಡುವೆ ನಿಲ್ತದೆ, ಗಾಳಿ ಮೂಸ್ತದೆ. ಇದು ನಿಲ್ಲಲೇ ಇಲ್ಲ, ಸೀದ ನನ್ನ ಕಡೆಗೇ ಬಂತು. ನಾನು ಕೂತದ್ದು ಎಲ್ಲಿ ಅಂತ ಗೊತ್ತಿದ್ದ ಹಾಗೆ. ಅದಕ್ಕೆ ಒಂದು ಡೌಟ್ ಬಂತು, ಅಷ್ಟೆ."

ಆಮೇಲೆ ಅವನು ದನಿ ತಗ್ಗಿಸಿದ.

"ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ಮತ್ತೆ ಅವಳು ನನ್ನ ಹತ್ತಿರ ಹೇಗೆ ಮಲಗುದು? ನೀನೂ ಹೇಳ್ಬೇಡ."

ಹೇಳುವುದಿಲ್ಲ ಎಂದೆ. ನನ್ನ ತಪ್ಪು ಎಂದೂ ಅಂದೆ, ಹುಟ್ಟಿದ ಮೇಲೆ ಮೊದಲ ಸಲ ಅವನ ಹತ್ತಿರ. ಅವನು, ಕೋವಿಯನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಇಟ್ಟು ಬಂದೆ, ಇನ್ನು ತರುವುದಿಲ್ಲ ಎಂದ. ಸರಿಯಾದ ರೀತಿಯಲ್ಲಿ ಅರಣ್ಯ ಇಲಾಖೆಗೆ ಅರ್ಜಿ ಹಾಕೋಣ ಎಂದು ನನ್ನ ಬಾಯಿಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮುಂದಿನ ರಜೆಗೆ ಊರಿಗೆ ಹೋದೆ. ಗೆಣಸಿನ ಗದ್ದೆ ಪಾಳು ಬಿದ್ದಿತ್ತು, ಹಂದಿಗಳು ಬಾವಿಕಟ್ಟೆಯವರೆಗೆ ಉತ್ತು ಹಾಕಿದ್ದವು. ಸಿಟ್ಟು ಬಂತು, ಆದರೆ ಯಾರ ಮೇಲೆ ಹಾಕುವುದೆಂದು ಗೊತ್ತಾಗಲಿಲ್ಲ. ತಮ್ಮ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ. ಮಧ್ಯಾಹ್ನ ನಮ್ಮಿಬ್ಬರಿಗೂ ಎಲೆ ಹಾಕಿ ಅವನ ಹೆಂಡತಿ ಬಡಿಸಿದಳು. ತೋಡಿನಾಚೆಯಿಂದ ಬಂದ ನೆಂಟರ ಹೆಂಗಸೊಬ್ಬಳು ಬಾಗಿಲಲ್ಲಿ ಕೂತಿದ್ದಳು. ಅವಳಿಗೆ ಕೇಳುವಂತೆ ತಮ್ಮನ ಹೆಂಡತಿ ಹೇಳಿದಳು:

"ನಮ್ಮ ಅತ್ತಿಗೆ ಇರುವ ಕಾರಣ ನಾವು ಬಚಾವ್. ಅವತ್ತು ಅವ್ರು ಅಲ್ಲಿಂದ ಫೋನ್ ಮಾಡಿ ನನ್ನನ್ನು ಓಡಿಸದಿದ್ರೆ ಇವ್ರು ಈಗ ಜೈಲಲ್ಲಿ ಇರ್ತಿದ್ರು. ಎಷ್ಟು ಹೇಳಿದ್ರೂ ಸಾಲುದಿಲ್ಲ."

ಹಾಗೆಂದು ನನ್ನ ಎಲೆಗೆ ಇನ್ನೊಂದು ಮೀನಿನ ತುಂಡು ಹಾಕಿದಳು. ತಮ್ಮ ತಲೆ ಎತ್ತಲಿಲ್ಲ, ಅನ್ನ ಕಲಸುತ್ತಲೇ ಇದ್ದ. ಸಾಕು ಎಂದು ಕೈ ಅಡ್ಡ ಹಿಡಿಯಲೂ ನನ್ನಿಂದಾಗಲಿಲ್ಲ. ಅವಳು ಬಡಿಸಿದ್ದನ್ನೆಲ್ಲ ಉಂಡೆ.