ತೂಕದಕ್ಕ

ಮಕ್ಕಳ ಆರೋಗ್ಯದ ಸಂಶೋಧನೆ ಮಾಡುವ ಆಫೀಸಿನ ಜೀಪು ಓಡಿಸುವವನು ನಾನು. ರಸ್ತೆ ಮುಗಿದಲ್ಲಿ ನನ್ನ ಕೆಲಸ ಮುಗಿಯುತ್ತದೆ, ತೂಕದಕ್ಕನದು ಶುರುವಾಗುತ್ತದೆ. ಗುಡ್ಡದ ಮೂಲನಿವಾಸಿಗಳ ಮಕ್ಕಳನ್ನು ತಿಂಗಳು ತಿಂಗಳು ತೂಗಿ, ಎತ್ತರ ಅಳೆದು ಬರುವುದು ಅವಳ ಪಾಲಿನ ಕೆಲಸ. ತೂಕದ ಯಂತ್ರ, ಅಳೆಯುವ ಮರದ ಹಲಗೆ, ಎರಡೂ ಅವಳ ಬೆನ್ನ ಮೇಲೆ.

ಅವಳೂ ಅದೇ ಗುಡ್ಡದಲ್ಲಿ ಹುಟ್ಟಿದವಳು. ಆಫೀಸಿಗೆ ಅವಳು ಗುಡ್ಡದವಳು, ಗುಡ್ಡಕ್ಕೆ ಆಫೀಸಿನವಳು. ಅತ್ತ ದರಿ ಇತ್ತ ಪುಲಿ. ಇಳಿದು ಬಂದ ಸಂಜೆ ಜೀಪಿನಲ್ಲಿ ಸೀಟಿಗೆ ಒರಗಿಬಿಡುತ್ತಿದ್ದಳು, ಕೇಳಿದರೆ "ಸಾಕಾಯ್ತಣ್ಣ" ಎನ್ನುತ್ತಿದ್ದಳು.

ಒಂದು ದಿನ ಅವಳ ಜೊತೆಗೆ ನಾನೂ ಗುಡ್ಡ ಹತ್ತಿದ್ದೆ. ಕೊನೆಯ ಮನೆ ಅವಳ ತಂಗಿಯದು. ಚಿಕ್ಕ ಮಗಳನ್ನು ಯಂತ್ರದ ಮೇಲೆ ಕೂರಿಸಿದರು. ತೂಕ ಅಪಾಯದ ಗೆರೆಗಿಂತ ಕೂದಲೆಳೆಯಷ್ಟು ಮೇಲೆ.

"ಬರ್ಕೊಳ್ಳಕ್ಕ, ಹೊರಡೋಣ" ಎಂದೆ.

ಅವಳು ಬರೆಯಲಿಲ್ಲ. ಮಗುವಿನ ಹೊಟ್ಟೆ ಬಿಗಿದುಕೊಂಡಿತ್ತು, ಅಂಗಿಯ ಕತ್ತು ಒದ್ದೆಯಾಗಿತ್ತು.

"ನೀರು ಕುಡಿಸಿದ್ಯೇನೇ?"

"ಬಾಯಾರಿಕೆ ಅಂತು, ಕೊಟ್ಟೆ" ಎಂದಳು ತಂಗಿ.

"ಚೊಂಬುಗಟ್ಟಲೆ?"

ತೂಕ ಗೆರೆಗಿಂತ ಕೆಳಗಿಳಿದರೆ ತಾಯಿ-ಮಗು ಇಬ್ಬರೂ ಪಟ್ಟಣದ ಆಸ್ಪತ್ರೆ ಸೇರಬೇಕು, ವಾರಗಟ್ಟಲೆ ಅಲ್ಲೇ ಇರಬೇಕು. ತಂಗಿಯ ಗಂಡ ದೂರದಲ್ಲಿ ಕೂಲಿಗೆ ಹೋಗಿದ್ದ. ದೊಡ್ಡ ಮಕ್ಕಳಿಬ್ಬರನ್ನು ನೋಡಿಕೊಳ್ಳಲು ಯಾರೂ ಇಲ್ಲ. ಹೆಚ್ಚಿನ ಮನೆಗಳ ಕಷ್ಟವೂ ಇದೇ, ಹಾಗಾಗಿ ತೂಕದ ದಿನ ಗುಡ್ಡದ ತಾಯಂದಿರು ತೂಕ ಏರಲೆಂದು ಮಕ್ಕಳಿಗೆ ನೀರು ಕುಡಿಸುತ್ತಾರೆ. ಕೆಳಗೆ ಆಫೀಸಿನಲ್ಲಿ ಡಾಕ್ಟರು, ಮಕ್ಕಳು ಸುಧಾರಿಸುತ್ತಿದ್ದಾರೆಂದು ಹಿಗ್ಗುತ್ತಾರೆ. ಈ ಮಗುವಂತೂ ಒಂದು ಜ್ವರ ಬಂದರೆ ಉಳಿಯುವ ಹಾಗಿರಲಿಲ್ಲ. ಅದು ನನ್ನಂಥ ಡ್ರೈವರನಿಗೂ ಕಾಣುತ್ತಿತ್ತು.

ಅಕ್ಕ ಹೊಸ್ತಿಲ ಮೇಲೆ ಕೂತೇಬಿಟ್ಟಳು. "ಇವಳು ಉಚ್ಚೆ ಹೊಯ್ಯೋ ತನಕ ನಾನು ಏಳಲ್ಲ."

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ಬಿಸಿಲು ಏರಿತು. ತಂಗಿ ಪಾತ್ರೆ ಕುಕ್ಕಿದಳು, ಬೈದಳು. "ತೂಗಿದ್ರೆ ಹೊಟ್ಟೆ ತುಂಬುತ್ತಾ? ನೀನು ನಮ್ಮೋಳೋ, ಅವರೋಳೋ?"

"ಸುಸ್ತಾಗಿದೆ ಕಣೇ. ಇವತ್ತು ನಾನು ಯಾರೋಳೂ ಅಲ್ಲ. ಇವಳ ದೊಡ್ಡಮ್ಮ, ಅಷ್ಟೇ."

ಕೊನೆಗೆ ಮಗು ಅಂಗಳದಲ್ಲೇ ಕೂತು ಹೊಯ್ದಿತು, ಹೊಯ್ಯುತ್ತಲೇ ಇತ್ತು. ಮತ್ತೆ ತೂಗಿದರು. ಗೆರೆಗಿಂತ ತುಂಬಾ ಕೆಳಗೆ. ತಂಗಿ ಮಗುವನ್ನು ಮಡಿಲಿಗೆ ಎಳೆದುಕೊಂಡಳು.

"ಉಳಿದೆರಡನ್ನ ಯಾರ ಕೈಲಿ ಬಿಡ್ಲಿ ಅಕ್ಕಾ?"

"ನನ್ನ ಕೈಲಿ. ಇಲ್ಲೇ ಇರ್ತೀನಿ." ನನ್ನ ಕಡೆ ತಿರುಗಿ, "ಅಣ್ಣಾ, ನಾಳೆಯಿಂದ ನಾನು ಬರಲ್ಲ ಅಂತ ಆಫೀಸಲ್ಲಿ ಹೇಳ್ಬಿಡು. ಬೇರೆಯವರನ್ನ ಇಟ್ಕೊಂಡ್ರೆ ಇಟ್ಕೊಳ್ಳಲಿ" ಎಂದಳು.

ತಾಯಿ-ಮಗುವನ್ನು ಆಸ್ಪತ್ರೆಗೆ ಕಳಿಸಲು ಜೀಪಿನ ತನಕ ಎಲ್ಲರೂ ಇಳಿದೆವು. ಮುಂದೆ ತಂಗಿ, ಅವಳ ಸೆರಗು ಹಿಡಿದ ದೊಡ್ಡ ಮಕ್ಕಳು. ಹಿಂದೆ ನಾವಿಬ್ಬರು. ಯಂತ್ರ, ಹಲಗೆಯ ಹೊರೆ ಮೊದಲ ಸಲ ನನ್ನ ಬೆನ್ನೇರಿತ್ತು, ಮಗು ಅಕ್ಕನ ಸೊಂಟದಲ್ಲಿತ್ತು. ಅರ್ಧ ದಾರಿಗೇ ನನ್ನ ಸೊಂಟ ಬಿದ್ದುಹೋಯಿತು. ಇಷ್ಟು ವರ್ಷ ಜೀಪಿನಲ್ಲಿ ನಿದ್ದೆ ಹೊಡೆಯುತ್ತಿದ್ದವನಿಗೆ ಸರಿಯಾದ ಶಾಸ್ತಿ.

"ದಿನಾ ಇದನ್ನ ಹೆಂಗಕ್ಕ ಹೊರ್ತೀಯ? ಬಾ, ಬದಲಾಯಿಸ್ಕೊಳ್ಳೋಣ. ಮಗೂನ ನನಗೆ ಕೊಡು" ಎಂದು ತಮಾಷೆ ಮಾಡಿದೆ.

"ಬೇಡಣ್ಣ" ಎಂದಳು. "ಇವಳಲ್ಲಿ ಹೊರೋಕೆ ಏನೂ ಇಲ್ಲ."

ತಂಗಿಗೆ ಕೇಳಿಸದಂತೆ, ಮಗುವಿನ ತಲೆಗೆ ಮುಖ ಒತ್ತಿಕೊಂಡು ಅತ್ತಳು.